ಬೇಡವೆಂದ ಕಾಫಿ

ಕಡೂರಿಗೆ ಬಂದ ಮೂರನೇ ದಿನಕ್ಕೆ ನನ್ನ ತುಟಿ ಒಡೆದು ರಕ್ತ ಬಂತು. ಗಾಳಿ ಅಷ್ಟು ಒಣ. ನಮ್ಮ ಉಡುಪಿಯಲ್ಲಿ ಒಗೆದ ಅಂಗಿ ಎರಡು ದಿನವಾದರೂ ಹಸಿ. ಇಲ್ಲಿ ಕೊಡವಿ ಹಾಕುವಷ್ಟರಲ್ಲಿ ಹಪ್ಪಳ. ಪ್ರಸಂಗ ಮಾಡಲು ಬಂದ ಪಾಸ್ಟರನ ತುಟಿಯೇ ಒಡೆದರೆ ಏನು ಗತಿ ಮಾರಾಯ್ರೆ!

ರಾಗಿ ಮುದ್ದೆಯನ್ನು ಅಗಿಯುತ್ತ ಕುಳಿತವನನ್ನು ಕಂಡು ಮೆಸ್ಸಿನವನು, “ಅಗೀಬ್ಯಾಡಿ ಸಾ, ನುಂಗಿ” ಎಂದು ಕಲಿಸಿದ. ಅದನ್ನು ಕಲಿತೆ. ಆದರೆ ತುಳು ಮಾತಾಡಲು ಒಬ್ಬರೂ ಇಲ್ಲ. ಕೋಣೆಯಲ್ಲಿ ನನಗೆ ನಾನೇ “ಒಣಸ್ ಆಂಡಾ?” ಎಂದು, ಊಟವಾಯಿತೇ ಎಂದು, ಕೇಳಿಕೊಂಡದ್ದೂ ಉಂಟು.

ಮೊದಮೊದಲು ಚರ್ಚಿನ ಸಭೆಯವರು ಸರದಿಯಂತೆ ಊಟಕ್ಕೆ ಕರೆಯುತ್ತಿದ್ದರು. ಆಮೇಲೆ ಸಾಕಮ್ಮ ಬಂದರು. ಚರ್ಚಿನ ಬೀದಿ ಗುಡಿಸುವ ಪೌರಕಾರ್ಮಿಕರು. ಭಾನುವಾರ ಗೇಟಿನ ಹೊರಗೆ ನಿಂತು ಹಾಡು ಕೇಳುತ್ತಿದ್ದರು. ಒಳಗೆ ಕರೆದು ಎರಡನೇ ಬೆಂಚಿನಲ್ಲಿ ಕೂರಿಸಿದೆ. ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಅಯ್ಯನೋರೇ, ಬರ್ಲಿ ಪಾಪ, ಬ್ಯಾಡ ಅನ್ನಲ್ಲ. ಹಿಂದ್ಗಡೆ ಕೂತ್ರೆ ಸಾಲ್ದಾ?” ಎಂದರು.

“ಹಾಗಾದರೆ ನಾನೂ ಹಿಂದೆಯೇ ನಿಂತು ಪ್ರಸಂಗ ಮಾಡುತ್ತೇನೆ” ಎಂದೆ. ನನ್ನ ಸಿಟ್ಟು ನಿಮಗೆ ಗೊತ್ತಲ್ಲ. ಊಟದ ಕರೆ ನಿಂತೇ ಹೋಯಿತು. ಎರಡು ತಿಂಗಳು ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಒಂಟಿತನ ಹೊಟ್ಟೆಗೂ ಗೊತ್ತಾಗುತ್ತದೆ.

ಕೊನೆಗೆ ಮನೆಗೆ ಕರೆದವರು ಸಾಕಮ್ಮನೇ. ಅಂದು ಶುಕ್ರವಾರ, ಈಸ್ಟರಿಗೆ ಮುಂಚಿನ ಲೆಂಟ್ ದಿನಗಳು. ಸಂಜೆತನಕ ನನಗೆ ಉಪವಾಸ. ಅವರು ಹೊಸ ಸ್ಟೀಲ್ ಲೋಟ ತೊಳೆದು ಕಾಫಿ ತಂದರು. “ಬೇಡಮ್ಮ” ಎಂದೆ. ಕಾರಣ ಹೇಳಲಿಲ್ಲ. ಉಪವಾಸವನ್ನು ಡಂಗುರ ಹೊಡೆಯಬಾರದೆಂದು ಬೈಬಲಿನಲ್ಲಿ ಸ್ವಾಮಿಯೇ ಹೇಳಿದ್ದಾನಲ್ಲ, ಎಂಥ ಭಕ್ತ ನಾನು! ಪ್ರಾರ್ಥನೆ ಮಾಡಿ ಎದ್ದು ಬಂದೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಬೀದಿಯಲ್ಲಿ ತಡೆದು ಯಾಕೆಂದು ಕೇಳಿದೆ. ಪೊರಕೆ ನಿಲ್ಲಿಸದೆ, “ನೀವೂ ಕುಡೀಲಿಲ್ವಲ್ಲ ಅಯ್ಯನೋರೇ” ಎಂದರು.

“ಅಯ್ಯೋ, ನನಗೆ ಉಪವಾಸ ಇತ್ತಮ್ಮ!”

“ಹೂಂ. ಒಬ್ರಿಗೆ ಸುಗರು, ಒಬ್ರು ಈಗ್ತಾನೆ ಕುಡ್ದವ್ರೆ. ಎಲ್ರೂ ಒಂದೊಂದ್ ಹೇಳ್ತಾರೆ ಕಣ್ರೀ.”

ಅಂದು ನನಗೆ ಅಳು ಬಂತು. ಅವರೊಬ್ಬರಿಗಾಗಿ ಸಭೆಯನ್ನೆಲ್ಲ ದೂರ ಮಾಡಿಕೊಂಡಿದ್ದೆ, ಅವರನ್ನೂ ಕಳೆದುಕೊಂಡಿದ್ದೆ.

ಮರುದಿನ ಮತ್ತೆ ಶುಕ್ರವಾರ. ಬೇಕೆಂದೇ ಹೋದೆ. ಬಾಗಿಲಲ್ಲೇ, “ಕಾಫಿ ಕೊಡಿ” ಎಂದೆ.

“ಇವತ್ತೂ ಉಪಾಸ ಅಲ್ವಾ?”

“ಮುರಿಯುತ್ತೇನೆ.”

ಸಾಕಮ್ಮ ಒಲೆಯ ಕಡೆ ಹೋಗಲಿಲ್ಲ. ನನ್ನನ್ನೇ ನೋಡಿ ಕೇಳಿದರು: “ನಿಮ್ಮೂರಲ್ಲಿ ನಮ್ಮಂತೋರ ಮನೇಲಿ ಕುಡೀತಿದ್ರಾ?”

ನಮ್ಮ ಓಣಿ ಗುಡಿಸುತ್ತಿದ್ದ ಹೆಂಗಸು ನೆನಪಾದಳು. ಹಿತ್ತಲಲ್ಲಿ ಅವಳು ಹಿಡಿದ ಗೆರಟೆಗೆ, ಅದೇ ತೆಂಗಿನ ಚಿಪ್ಪಿಗೆ, ಮೇಲಿಂದ ನೀರು ಹೊಯ್ಯುತ್ತಿದ್ದವನು ನಾನೇ.

“ಇಲ್ಲಮ್ಮ. ಒಂದು ದಿನವೂ ಇಲ್ಲ” ಎಂದೆ.

“ಸುಳ್ಳಾದ್ರೂ ಹೇಳ್ಲಿಲ್ವಲ್ಲ, ಕೂತ್ಕಳಿ” ಎಂದು ಒಲೆ ಹಚ್ಚಿದರು. ಬೆಲ್ಲದ ಕಾಫಿ. ಎರಡು ಲೋಟ ಕುಡಿದೆ.

ಭಾನುವಾರ ಅವರು ಎರಡನೇ ಬೆಂಚಿನಲ್ಲಿದ್ದರು. ಆ ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೇ ತಿಂಗಳಲ್ಲಿ ಊರಿಗೆ ಬರುತ್ತೇನೆ. ಮೀನು ಸಾರು, ಕಡಲು, ಕಿವಿ ತುಂಬ ತುಳು, ಎಲ್ಲ ಬೇಕು ನನಗೆ. ಆದರೆ ಕಡೂರಿನಲ್ಲಿ ಈಗ ನಾನು ಹೋಗಬಹುದಾದ ಒಂದು ಮನೆಯುಂಟು. ಊರಿನಲ್ಲಿ ನಾನು ಮೊದಲು ಹೋಗಬೇಕಾದ ಮನೆ ಎಲ್ಲಿದೆಯೆಂದೇ ತಿಳಿಯದು. ಗೆರಟೆಯಲ್ಲಿ ನೀರು ಕುಡಿದ ಅವಳ ಹೆಸರೂ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?