ಹುನಗುಂದದಿಂದ ದಿಲ್ಲಿಗೆ ಹೋದ ಕ್ಷಮಾದಾನದ ಅರ್ಜಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದ ಪ್ರೌಢಶಾಲೆಯಲ್ಲಿ ಪೌರನೀತಿ ಕಲಿಸುತ್ತಿದ್ದೆ. ಬೋರ್ಡಿಂಗಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ಎಲ್ಲಕ್ಕೂ ಒಂದು ಕ್ರಮ ಬೇಕು. ರಾಷ್ಟ್ರಪತಿಗಳ ಅಧಿಕಾರಗಳನ್ನೂ ಹಾಗೇ ಒಂದರ ಕೆಳಗೊಂದು ಬರೆಸುತ್ತಿದ್ದೆ. ಕೊನೆಯದು ಕ್ಷಮಾದಾನ.

ಒಂದು ರವಿವಾರ ಐಹೊಳೆ ಕಡೆಯ ಕುರಿಗಾರನೊಬ್ಬ ಮನೆಗೆ ಬಂದ. ಹೊಲದ ಬದುವಿನ ಜಗಳದಲ್ಲಿ ಅವನ ತಮ್ಮ ಅದೇ ಊರಿನ, ಅದೇ ಬೀರಪ್ಪ ದೇವರ ಒಕ್ಕಲಿನ ತರುಣನೊಬ್ಬನನ್ನು ಕೊಂದಿದ್ದ. ದಿಲ್ಲಿಯ ಕೋರ್ಟೂ ಗಲ್ಲನ್ನು ಖಾಯಂ ಮಾಡಿತ್ತು. ರಾಷ್ಟ್ರಪತಿಗಳಿಗೆ ಅರ್ಜಿ ಹಾಕಬಹುದೆಂದು ನನ್ನ ತರಗತಿಯಲ್ಲಿದ್ದ ಅವನ ಮಗಳು ಹೇಳಿದ್ದಳು.

ನಾನು ಬರೆಯಲು ಕುಳಿತೆ. ಅವನು ತಡೆದ.

“ಮಾಸ್ತರ್ರ, ಮೊದಲ ಸತ್ತವನ ಅಪ್ಪನ ಕಡೆ ಹೋಗಿ ಬರ್ಲೇನ್ರಿ? ನಮ್ಮಾಗ ಕಂಬಳಿ ಹಾಸಿ, ಹಿರಿಯರ ಮುಂದ ಅವನ್ನ ಕೇಳದ ಯಾವ ತಪ್ಪೂ ಮಾಫಿ ಆಗಂಗಿಲ್ಲ.”

“ಅದು ಊರಾಗಿನ ಪದ್ಧತಿ. ಇದು ರಾಷ್ಟ್ರಪತಿಗಳ ಅಧಿಕಾರ. ಯಾರನ್ನೂ ಕೇಳಬೇಕಾಗಿಲ್ಲ.”

“ಭಾಳ ಚಲೋ ಆತು ಬಿಡ್ರಿ. ಅವನ ಮಾರಿ ನೋಡೂದು ತಪ್ಪಿತು.”

ನಾನು ಬರೆದ ಅರ್ಜಿ ದಿಲ್ಲಿಗೆ ಹೋಯಿತು. ಬಹಳ ತಿಂಗಳುಗಳ ಮೇಲೆ ಗಲ್ಲು ಜೀವಾವಧಿ ಶಿಕ್ಷೆಯಾಯಿತು. ಸುದ್ದಿ ಊರು ಮುಟ್ಟಿದ ವಾರವೇ ಸತ್ತವನ ತಂದೆ ನನ್ನ ಮನೆ ಹುಡುಕಿಕೊಂಡು ಬಂದರು. ಕುರ್ಚಿ ಕೊಟ್ಟರೂ ಬೇಡವೆಂದು, ಹೆಗಲ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿ ಕುಳಿತರು.

“ಮಾಫಿ ಕೊಟ್ಟವ್ರು ಯಾರ್ರಿ?”

“ರಾಷ್ಟ್ರಪತಿಗಳು.”

“ಅವರ ಮಗಾ ಸತ್ತಿದ್ನೇನು?”

ನಾನು ಪಾಠದ ಧಾಟಿಯಲ್ಲೇ ತಿದ್ದಿದೆ. “ಅವರೂ ತಮ್ಮಷ್ಟಕ್ಕ ತಾವು ಕೊಡಂಗಿಲ್ಲ, ಯಜಮಾನ್ರ. ಮಂತ್ರಿಗಳು ಹೇಳಿದಂಗ ಸಹಿ ಮಾಡ್ತಾರ.”

“ಹಂಗಾರ ಮಂತ್ರಿಗಳ ಮಕ್ಕಳು ಸತ್ತಿದ್ರೇನು?”

ಅವರು ದನಿ ಏರಿಸಲಿಲ್ಲ.

“ಅವನ್ನ ಗಲ್ಲಿಗೇ ಹಾಕ್ರಿ ಅಂತ ನಾ ಅನ್ನಂಗಿಲ್ಲ. ಬಂದು ಕೇಳಿದ್ರ ಕೊಡ್ತಿದ್ನೋ ಏನೋ. ಕೊಡಾಕ ನನ್ನ ಕಡೆ ಅದೊಂದ ಉಳಿದಿತ್ತು. ಅದನ್ನೂ ನನ್ನ ಕೇಳದ ಕೊಟ್ಟುಬಿಟ್ಟ್ರಿ.”

ನನ್ನ ಹೆಂಡತಿ ನೀರಿನ ತಂಬಿಗೆ, ಬೆಲ್ಲ ತಂದಿಟ್ಟಳು. ಅವರು ಮುಟ್ಟದೆ ಎದ್ದು ಹೋದರು.

ಮರುದಿನವೇ ಅರ್ಜಿ ಹಾಕಿದ ಅಣ್ಣನನ್ನು ಕರೆಸಿದೆ. ಈಗಲಾದರೂ ಆ ಮನೆಗೆ ಹೋಗು, ಬೇಕಾದರೆ ನಾನೂ ಬರುತ್ತೇನೆ ಎಂದೆ. ಅವನಿಗೆ ಆಶ್ಚರ್ಯವಾಯಿತು.

“ಇನ್ಯಾಕ್ರಿ ಮಾಸ್ತರ್ರ? ಯಾರನ್ನೂ ಕೇಳಬೇಕಾಗಿಲ್ಲ ಅಂತ ನೀವ ಅಂದಿದ್ರಿ. ದಿಲ್ಲಿಯವರು ಕೊಟ್ಟಾರಲ್ಲ.”

ಕಾಯಿದೆಯ ಪ್ರಕಾರ ಅವನ ಮಾತು ಸರಿಯಿತ್ತು. ಮುಂದಿನ ರವಿವಾರ ನಾನೊಬ್ಬನೇ ಬಸ್ಸು ಹತ್ತಿದೆ. ಆ ಊರಿನ ದಾರಿ ಕೂಡುವ ಕೂಟಿನಲ್ಲಿ ಇಳಿದೆ. ಸತ್ತವನ ಮನೆ ಯಾವುದೆಂದು ಯಾರನ್ನಾದರೂ ಕೇಳಬೇಕಿತ್ತು. ಬಾಯಿ ಬರಲಿಲ್ಲ. ಅಲ್ಲೇ ಬಿಸಿಲಿನಲ್ಲಿ ನಿಂತಿದ್ದು, ಮುಂದಿನ ಬಸ್ಸಿಗೆ ತಿರುಗಿ ಬಂದೆ.