ಹುಣಸೆಹಣ್ಣು ಹಚ್ಚಿ ಬೆಳಗಿದ ಕಾರು

ಬೆಳಿಗ್ಗೆ ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ದೀಪ ತಿಕ್ಕುತ್ತಿದ್ದೆ. ಆ ಹುಳಿ ವಾಸನೆಗೆ ಹೊನ್ನಾಳಿಯಲ್ಲಿದ್ದ ಅಪ್ಪನ ಗ್ಯಾರೇಜು ಕಣ್ಣಮುಂದೆ ಬಂತು.

ಸಾಹುಕಾರರ ಹಳೇ ಅಮೆರಿಕನ್ ಕಾರನ್ನು ಅಪ್ಪ ತಿಂಗಳುಗಟ್ಟಲೆ ರಿಪೇರಿ ಮಾಡಿ, ಕಪ್ಪು ಬಣ್ಣ ಹೊಡೆದು, ಮುಖ ಕಾಣುವಷ್ಟು ಪಾಲಿಶ್ ಮಾಡಿದ್ದ. ಆಯುಧಪೂಜೆಗೆ ಎಲ್ಲವನ್ನೂ ಬೆಳಗಬೇಕಲ್ಲ ಎಂದುಕೊಂಡ, ಆಗಿನ್ನೂ ಸಣ್ಣ ಮಗುವಾಗಿದ್ದ ನಾನು, ಹುಣಸೆಹಣ್ಣು, ಬೂದಿ ಹಚ್ಚಿ ಅದರ ಬಾನೆಟ್ಟನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿದೆ. ಬಣ್ಣದ ತುಂಬ ಗೀರು.

"ಏನಯ್ಯಾ, ಹಿಂಗಾ ಕೆಲ್ಸ ಮಾಡಾದು?" ಸಾಹುಕಾರರು ಎಲ್ಲರೆದುರು ಕೂಗಾಡಿದರು.

"ನಂದೇ ತಪ್ಪು ಸಾವ್ಕಾರ್ರೆ. ಮತ್ತೆ ಬಣ್ಣ ಹೊಡ್ದು ಕೊಡ್ತೀನ್ರೀ," ಎಂದು ಅಪ್ಪ ತಲೆ ತಗ್ಗಿಸಿದ. ನಾನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ.

ಅವರು ಹೋದ ಮೇಲೆ ಅಪ್ಪ ನನ್ನ ಉಗುರಿನ ಸಂದಿಯ ಬೂದಿಯನ್ನು ತಾನೇ ತೊಳೆದ.

ಇವತ್ತು ನಾನು ಬೆಳಗಿದ್ದು ಅಪ್ಪನ ಫೋಟೋದ ಮುಂದಿಡುವ ದೀಪ.