ಅರ್ಧ ಇಂಚು ಗಿಡ್ಡವಾದ ಕಾಲು

ಬೆಳಗಿನ ಆರು ಗಂಟೆ. ಶಿರಸಿಯ ಆಸ್ಪತ್ರೆಯೊಂದರ ಮೆಟ್ಟಿಲನ್ನು ಕೆರಿಯ ನಾಯ್ಕರು ಕಂಕುಳಲ್ಲಿ ಒಂದು ಕಾಲು ಇಟ್ಟುಕೊಂಡು ಹತ್ತುತ್ತಿದ್ದಾರೆ. ಕಾಲಿಗೆ ಕಾಲುಚೀಲವೂ ಇದೆ. ಹೊಸ ಕಾವಲುಗಾರ ಬೆಚ್ಚಿ ಬದಿಗೆ ಸರಿಯುತ್ತಾನೆ.

"ಹೆದರ್ಬೇಡ ತಮಾ, ಇದ್ರ ಯಜಮಾನ್ರು ಮೇಲೆ ಮಲಗಿದಾರೆ."

ಹುಲಗೋಳದ ಕೆರಿಯರಿಗೆ ಕೃತಕ ಕಾಲು ಜೋಡಿಸುವ ಕಸುಬು ಹತ್ತೊಂಬತ್ತು ವರ್ಷದ್ದು. ವಾರಕ್ಕೆ ಎರಡು ಹೊಸ ಕಾಲು, ದಿನಕ್ಕೆ ನಾಲ್ಕಾರು ರಿಪೇರಿ. ಸಿದ್ದಾಪುರ, ಯಲ್ಲಾಪುರದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಇಡೀ ದಿನ ಮಂದಿಯ ಕಾಲಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಈಗ ಅವರದೇ ಮೊಣಕಾಲು ನೋವು. ಅದಕ್ಕೆ ಎಣ್ಣೆ ತಿಕ್ಕುವಾಗೆಲ್ಲ ಹೆಂಡತಿ ನಾಗಿಗೆ ಅದೇ ನಗು.

ಮೇಲೆ ಮಲಗಿರುವವರು ಬನವಾಸಿ ಕಡೆಯ ಕಿರಾಣಿ ವ್ಯಾಪಾರಿ ಅಂದಾನಪ್ಪ. ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಹನ್ನೆರಡು ವರ್ಷ. ಅಷ್ಟು ಕಾಲ ಹೆಚ್ಚಿನ ಭಾರ ಹೊತ್ತ ಬಲಮೊಣಕಾಲು ಸವೆದು ಬಾಗಿತ್ತು. "ಇರೋದ ಒಂದ ಕಾಲು, ಅದನ್ನೂ ಕೊಯ್ಸ್ಕೊಳ್ಳಾಕ ನನಗ ಹುಚ್ಚ ಹಿಡದೈತೇನು?" ಎನ್ನುತ್ತಿದ್ದವರನ್ನು ಮೊಣಕಾಲು ಬದಲಿಸಿಕೊಳ್ಳಲು ಒಪ್ಪಿಸಿದ್ದು ಕೆರಿಯರೇ. ಮೊನ್ನೆ ಶಸ್ತ್ರಚಿಕಿತ್ಸೆಯಾಗಿದೆ. ಹೆದರಿ ಮಲಗಿಯೇ ಉಳಿದರೆ ಹೊಸ ಮೊಣಕಾಲು ಬಿಗಿದುಕೊಳ್ಳುತ್ತದೆ; ಕೆರಿಯರ ಮಾತಿಗೂ ಬೆಲೆ ಉಳಿಯುವುದಿಲ್ಲ.

ಒಳಪದರ ಬದಲಿಸಿ ತಂದ ಕಾಲನ್ನು ತೊಡಿಸುತ್ತಾರೆ. ಅಂದಾನಪ್ಪ ವಾಕರ್ ಹಿಡಿದು ಏಳುತ್ತಾರೆ. ಗಣ ತಪ್ಪಿದ ಪದ್ಯದಂತೆ ಮೈ ಎಡಕ್ಕೆ ವಾಲುತ್ತದೆ.

"ಏ ಕೆರಿಯಾ! ನಿನ್ನ ಕಾಲ ಗಿಡ್ಡ ಆಗೇತಲ್ಲೋ! ಒಗದು ಒಣಗಿಸಿದಿಯೇನ?" ಎಂದು ದೊಪ್ಪನೆ ಕೂತುಬಿಡುತ್ತಾರೆ. "ಇನ್ನ ನಾ ಏಳಂಗಿಲ್ಲ."

ಕೆರಿಯರು ಟೇಪು ಹಿಡಿದು ಎರಡೂ ಕಾಲು ಅಳೆಯುತ್ತಾರೆ, ಹಣೆ ಚಚ್ಚಿಕೊಳ್ಳುತ್ತಾರೆ. "ತಪ್ಪು ನಂದೇ ಮಾರಾಯ್ರೆ. ನಿಮ್ಮ ಸೊಟ್ಟ ಮೊಣಕಾಲಿಗೆ ಜೋಡಿಯಾಗ್ಲಿ ಅಂತ ಇದನ್ನ ಮೂರು ಸಲ ಕೊಯ್ದು ಗಿಡ್ಡ ಮಾಡಿದ್ದೆ. ಡಾಕ್ಟ್ರು ಅದನ್ನ ನೆಟ್ಟಗೆ ಮಾಡಿಬಿಟ್ರು. ನಂಗೆ ತಲೆಗೇ ಹೋಗ್ಲಿಲ್ಲ."

"ಹಂಗಾರ ಡಾಕ್ಟರ್‍ದು ಬರೋಬ್ಬರಿ ಐತಿ?"

"ಅವ್ರದ್ದು ಸರಿ. ನಂದೇ ಅರ್ಧ ಇಂಚು ಕಮ್ಮಿ."

ಚೀಲದಿಂದ ರಬ್ಬರ್ ತುಂಡು ತೆಗೆದು ಕೃತಕ ಪಾದದಡಿಗೆ ಇಟ್ಟು ಪಟ್ಟಿ ಸುತ್ತಿ ಬಿಗಿಯುತ್ತಾರೆ. ಅಂದಾನಪ್ಪ ಕಣ್ಣುಮುಚ್ಚಿ ಶಿವನ ಹೆಸರೆತ್ತಿ ಏಳುತ್ತಾರೆ. ವಾಲುವುದಿಲ್ಲ. ಒಂದು ಹೆಜ್ಜೆ, ಇನ್ನೊಂದು. ಬಾಗಿಲವರೆಗೆ ಆರು ಹೆಜ್ಜೆ.

ಮಂಚದ ಪಕ್ಕದಲ್ಲಿದ್ದ ಅವರ ಹೆಂಡತಿ ಶಾರದವ್ವ ಬಾಯಿಗೆ ಸೆರಗು ಹಿಡಿಯುತ್ತಾರೆ. "ಅಯ್ಯ, ಇಷ್ಟ ಎತ್ತರ ಇದ್ದೀರೇನ್ರಿ ನೀವು? ಮದವಿಯಾಗ ನೋಡಿದ್ದು ಮರ್ತ ಹೋಗಿತ್ತು!"

ರಬ್ಬರ್ ಸದ್ಯಕ್ಕಷ್ಟೆ; ಈ ಸಂಜೆಯೊಳಗೆ ಕೃತಕ ಕಾಲಿನ ಒಳಗಿನ ಕೊಳವೆಯನ್ನೇ ಉದ್ದ ಮಾಡಿ ಕೊಡಬೇಕು. ಕೆರಿಯರು ಆಗಲೇ ಚೀಲ ಹೆಗಲಿಗೇರಿಸಿದ್ದಾರೆ. ಇಷ್ಟು ವರ್ಷದ ಈ ಕಸುಬಿನಲ್ಲಿ ಏನಾದರೂ ಆಸೆಯಿದೆಯೇ ಎಂದು ನಾವು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

"ಅವ್ರ ಎರಡೂ ಚಪ್ಪಲಿ ಸಮ ಸವೀಬೇಕು. ಅದೇ ನಂಗೆ ಸನ್ಮಾನ."